ಪದ ಬಡಿಸುವ ದ್ವಾರಕಾ ಮೌಶಿ

ದ್ವಾರಕಾಬಾಯಿ ತಾವಡೆಯ ಕೈ ಬಡಿಸುತ್ತಿದ್ದರೆ ಬಾಯಿ ಸುಮ್ಮನೆ ಕೂರುತ್ತಿರಲಿಲ್ಲ. ಭಾಕರಿ ತಾಟಿಗೆ ಬೀಳುವಷ್ಟರಲ್ಲಿ ಎರಡು ಸಾಲಿನ ಒಂದು ಪದವೂ ಉಣ್ಣುವವನ ಕಿವಿಗೆ ಬಿದ್ದಿರುತ್ತಿತ್ತು. ಪದವೆಂದರೆ ದೇವರ ಪದವಲ್ಲ, ತತ್ವದ ಪದವಲ್ಲ. ಎದುರಿಗೆ ಕೂತವನ ಮಾನ ಕಳೆಯುವ ಪದ. ಅವಳ ಒಣಮೀನಿನ ಚಟ್ನಿಗಿಂತ ಅದರ ಖಾರ ಹೆಚ್ಚು.

ಮುಂಬಯಿಯ ಲಾಲ್‌ಬಾಗಿನ ಹುಣಸೆಮರದ ಚಾಳಿನ ಎರಡನೇ ಮಾಳಿಗೆಯಲ್ಲಿ ಅವಳದೊಂದು ಖೋಲಿ. ಖೋಲಿಯೇ ಮನೆ, ಮನೆಯೇ ಖಾನಾವಳಿ. ಸುತ್ತಲಿನ ಮೂರು ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹತ್ತೊಂಬತ್ತು ಗಂಡಸರು, ಹೆಂಡತಿ ಮಕ್ಕಳನ್ನು ಕೊಂಕಣದ ಹಳ್ಳಿಗಳಲ್ಲಿ ಬಿಟ್ಟು ಬಂದವರು, ಪಾಳಿಯ ಪ್ರಕಾರ ಬಂದು ಅಲ್ಲಿ ಉಂಡು ಹೋಗುತ್ತಿದ್ದರು, ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಅವರಲ್ಲಿ ಏಳೆಂಟು ಜನ ಅದೇ ಖೋಲಿಯಲ್ಲಿ, ಹೊರಗಿನ ಮೊಗಸಾಲೆಯಲ್ಲಿ, ಮೆಟ್ಟಿಲ ಕೆಳಗೆ ಮಲಗುತ್ತಲೂ ಇದ್ದರು. ಒಬ್ಬ ಎದ್ದು ಗಿರಣಿಗೆ ಹೋದರೆ ಅವನ ಚಾಪೆಯ ಮೇಲೆ ಗಿರಣಿಯಿಂದ ಬಂದ ಇನ್ನೊಬ್ಬ.

ಬಾಬು ಘಾಡಿ ಎಂಬವನು ನೂಲಿನ ವಿಭಾಗದಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವವನು. ಅವನ ಗೊರಕೆಗೆ ಕೆಳಗಿನ ಮಾಳಿಗೆಯ ಮಕ್ಕಳು ಬೆಚ್ಚಿ ಏಳುತ್ತಿದ್ದವು. ಅವನ ತಾಟಿಗೆ ಅನ್ನ ಹಾಕುತ್ತ ಮೌಶಿ ಹೇಳುವಳು:

"ಗಿರಣಿಗೆ ದಿನಕ್ಕ ಮೂರೇ ಕೂಗು, ಎಣಿಸ್ರಿ ಬೇಕಾದ್ರ,
ಬಾಬೂನ ಮೂಗಿಗೆ ಲೆಕ್ಕಾನ ಇಲ್ಲ ನಿದ್ದಿ ಬಂದ್ರ."

ಜಾನೂ ಪಾಲವ್ ನೇಯ್ಗೆಯವನು. ಕಡ್ಡಿಯಂಥ ಆಳು, ಒಂಬತ್ತು ಭಾಕರಿಯ ಹೊಟ್ಟೆ.

"ಮಗ್ಗದ ಮುಂದ ನಿಂತಾಗ ಕೈಕಾಲೆಲ್ಲ ಸೋತಾವ,
ತಾಟಿನ ಮುಂದ ಕುಂತಾಗ ಹತ್ತು ಕೈ ಬಂದಾವ."

ಬೈಸಿಕೊಂಡವರಿಗೆ ಸಿಟ್ಟು ಬರುತ್ತಿತ್ತೆ? ಬರುತ್ತಿರಲಿಲ್ಲ. ಒಂದು ದಿನ ಗಡಿಬಿಡಿಯಲ್ಲಿ ಅವಳು ಜಾನೂನಿಗೆ ಪದ ಹೇಳುವುದನ್ನು ಮರೆತಳು. ಅವನು ಕೈ ತೊಳೆದವನು ಬಾಗಿಲಲ್ಲೇ ನಿಂತ.

"ಯಾಕೋ, ಹೊಟ್ಟಿ ತುಂಬಲಿಲ್ಲೇನು?"

"ಹೊಟ್ಟಿ ತುಂಬೇತಿ ಮೌಶಿ. ನನ್ನ ಮ್ಯಾಲ ಏನರ ಸಿಟ್ಟದಿಯೇನು? ಇವತ್ತ ಬೈಲೇ ಇಲ್ಲಲ್ಲ."

ದ್ವಾರಕಾಬಾಯಿ ಈ ವಿದ್ಯೆಯನ್ನು ಎಲ್ಲಿಯೂ ಕಲಿತವಳಲ್ಲ. ಕೊಂಕಣದ ಕುಡಾಳದ ಹತ್ತಿರದ ಹಳ್ಳಿಯಲ್ಲಿ ತಾಯಿಯ ಎದುರು ಕೂತು ಬೀಸುವ ಕಲ್ಲು ತಿರುಗಿಸುತ್ತ ಹಾಡುಗಳನ್ನು ಕಿವಿಗೆ ತುಂಬಿಕೊಂಡವಳು. ಹದಿನಾರಕ್ಕೆ ಮದುವೆಯಾಗಿ ಮುಂಬಯಿಗೆ ಬಂದಳು. ಇಲ್ಲಿ ಚಾಳಿನ ಕೆಳಗೇ ಹಿಟ್ಟಿನ ಗಿರಣಿ. ಡಬ್ಬಿ ಕೊಟ್ಟು ಬಂದರೆ ಕಾಲು ಗಂಟೆಯಲ್ಲಿ ಹಿಟ್ಟು. ರಟ್ಟೆಗೇನೋ ಸುಖವಾಯಿತು, ಆದರೆ ಎದೆಯೊಳಗಿನ ಹಾಡಿಗೆ ಹೊರಗೆ ಬರಲು ದಾರಿ ಮುಚ್ಚಿತು. ಹತ್ತು ವರ್ಷ ಒಳಗೇ ಒದ್ದಾಡಿ, ಖಾನಾವಳಿ ಹಚ್ಚಿದ ಮೇಲೆ ಅದು ಸೌಟಿನ ಮೂಲಕ ಹೊರಬಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಲಿಸುತ್ತೇವೆಂದು ಸಮಾಜಸೇವೆಯ ಹೆಂಗಸರು ಎರಡು ಸಲ ಬಂದು ಹೋದರು. "ಬರಿಯಾಕ ಬಂದ್ರ ಬರಿಯಾಕ ಕುಂದರಬೇಕಾಗ್ತದ, ಕುಂತ್ರ ಅನ್ನ ಸೀದು ಹೋಗ್ತದ" ಎಂದು ಅವರಿಗೂ ಒಂದೊಂದು ಬಟ್ಟಲು ಹುಳಿಸಾರು ಕುಡಿಸಿ ಕಳಿಸಿದಳು.

ಗಂಡ ತಾವಡೆ ಬಟ್ಟೆ ಮಡಿಚುವ ವಿಭಾಗದವನು, ಕಾಯಂ ಎರಡನೇ ಪಾಳಿ. ಮಧ್ಯಾಹ್ನ ಮೂರಕ್ಕೆ ಹೋಗಿ ನಡುರಾತ್ರಿ ಬರುವವನು. ಖೋಲಿಯ ಒಳಗೇ ಹಲಗೆ ಹೊಡೆದು ಮಾಡಿದ ಒಂದು ಅಟ್ಟವಿತ್ತು. ಅವನು ಅಲ್ಲಿ ಮಲಗಿದರೆ ಎರಡು ಪಾದಗಳು ಅಂಚಿನಿಂದ ಹೊರಗೆ ಜೋತಾಡುತ್ತಿದ್ದವು. ಲೋಕವೇ ಬುಡಮೇಲಾದರೂ ಆ ಪಾದಗಳು ಮಧ್ಯಾಹ್ನ ಎರಡರ ಒಳಗೆ ಅಲ್ಲಾಡುತ್ತಿರಲಿಲ್ಲ. ಭಾನುವಾರವಂತೂ ಸಂಜೆಯ ತನಕ ಅಲ್ಲಾಡುತ್ತಿರಲಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದಲ್ಲ, ಆದ್ದರಿಂದ ಅವಳು ಅವನನ್ನು "ಮ್ಯಾಲಿನವರು" ಎನ್ನುತ್ತಿದ್ದಳು. "ಮ್ಯಾಲಿನವರು ಇನ್ನೂ ಕಣ್ಣು ತೆರದಿಲ್ಲ, ಜರಾ ಸಣ್ಣಗ ಮಾತಾಡ್ರಿ." ಅವನ ಹೆಸರು ದಿನಕರ. ಹತ್ತೊಂಬತ್ತರಲ್ಲಿ ಹದಿನೆಂಟು ಜನರಿಗೆ ಇದು ಗೊತ್ತಿತ್ತು.

ಗೊತ್ತಿಲ್ಲದ ಹತ್ತೊಂಬತ್ತನೆಯವನೇ ಮನೋಹರ ರಾಸಮ್.

ರಾಸಮ್ ತಾವಡೆಯ ಗಿರಣಿಯವನಲ್ಲ, ಬೇರೊಂದು ಗಿರಣಿಯ ಕಚೇರಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಇಪ್ಪತ್ತಾರರ ವಯಸ್ಸು, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹತ್ತಿಯ ಧೂಳು ಮೈಗೆ ತಾಗದ ಒಬ್ಬನೇ ಒಬ್ಬ ಗಿರಾಕಿ. ಮಧ್ಯಾಹ್ನ ಒಂದಕ್ಕೆ ಬಂದು ಉಣ್ಣುತ್ತಿದ್ದ. ರಾತ್ರಿ ಎಂಟಕ್ಕೆ ಮತ್ತೆ ಉಣ್ಣುತ್ತಿದ್ದ. ಭಾನುವಾರ ದಾದರಿನ ಅಕ್ಕನ ಮನೆಗೆ ಹೋಗುತ್ತಿದ್ದ. ಬಂದು ನಾಲ್ಕೇ ತಿಂಗಳಾಗಿತ್ತು. ಅಟ್ಟದ ಪಾದಗಳನ್ನು ಅವನು ನೋಡಿದ್ದ, ಆದರೆ ಯಾರೋ ರಾತ್ರಿಪಾಳಿಯ ಗಿರಾಕಿ ಮಲಗಿದ್ದಾನೆಂದು ತಿಳಿದಿದ್ದ. ಅವನು ಕವಿ. ಹುಣ್ಣಿಮೆ, ಮಲ್ಲಿಗೆ, ವಿರಹ ಇವುಗಳ ಮೇಲೆ ಮುನ್ನೂರು ಕವಿತೆ ಬರೆದು ಮುನ್ನೂರನ್ನೂ ಪತ್ರಿಕೆಗಳಿಗೆ ಕಳಿಸಿದ್ದ, ಮುನ್ನೂರೂ ಅಂಚೆಯಲ್ಲಿ ವಾಪಸು ಬಂದಿದ್ದವು. ವಿರಹದ ಕವಿತೆ ಬರೆಯಲು ಅವನಿಗೆ ಬಿಟ್ಟು ಹೋದವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಅವನಿಗೆ ಮೌಶಿ ಮೊದಲ ದಿನವೇ ಹೇಳಿದ್ದಳು:

"ಅಂಗಿಗೆ ಇಸ್ತ್ರಿ, ಕೂದಲಿಗೆ ಎಣ್ಣಿ, ಜೇಬಿಗೆ ಜೋಡು ಪೆನ್ನ,
ಮೀನಿನ ಮುಳ್ಳು ತೆಗಿಯಾಕ ಬರದ ನೋಡ್ತಾನ ನನ್ನ."

ಎಲ್ಲರೂ ನಕ್ಕರು. ರಾಸಮ್ ನಗಲಿಲ್ಲ. ಅವನು ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ನಿಲ್ಲಿಸಿದ. ಆಮೇಲೆ ದಿನವೂ ಊಟವಾದ ಮೇಲೆ ಮೊಗಸಾಲೆಯ ಕಂಬಕ್ಕೆ ಒರಗಿ ಒಂದು ಸಣ್ಣ ಪುಸ್ತಕದಲ್ಲಿ ಏನೋ ಗೀಚತೊಡಗಿದ. ಹುಡುಗ ಊರಿಗೆ ಕಾಗದ ಬರೆಯುತ್ತಿರಬೇಕೆಂದು ಮೌಶಿ ಅಂದುಕೊಂಡಳು.

ದೀಪಾವಳಿ ಕಳೆದ ಮರುವಾರ, ಒಂದು ಭಾನುವಾರ ಮಧ್ಯಾಹ್ನ, ತಾತ್ಯಾ ಮಾಪಣಕರ ಒಂದು ದೀಪಾವಳಿ ಸಂಚಿಕೆ ಹಿಡಿದುಕೊಂಡು ಬಂದ. ತಾತ್ಯಾ ಗಿರಾಕಿಗಳಲ್ಲೆಲ್ಲ ಹಿರಿಯ, ನೇಯ್ಗೆಯವನು, ಕನ್ನಡಕದವನು. ಓದುವುದೆಂದರೆ ಅವನಿಗೆ ಜೀವ. ಊಟ ಮುಗಿದು ಎಲ್ಲರೂ ಎಲೆಯಡಿಕೆ ಹಾಕುತ್ತಿದ್ದಾಗ ಗಂಟಲು ಸರಿಮಾಡಿಕೊಂಡ.

"ನಮ್ಮ ರಾಸಮ್‌ನ ಕವಿತಾ ಬಂದೈತಿ ನೋಡ್ರಪಾ. ದೊಡ್ಡ ಅಕ್ಷರದಾಗ. 'ಗಿರಣಿಯ ಮಗ' ಅಂತ."

"ಓದು, ಓದು," ಎಂದರು.

ತಾತ್ಯಾ ಓದಿದ. ಮೊದಲ ಚರಣದಲ್ಲೇ ಬಾಬು ಘಾಡಿ ಎದ್ದು ಕೂತ. ಅದರಲ್ಲಿ ಗಿರಣಿಗೆ ಮೂರು ಕೂಗು, ದಣಿದ ಶ್ರಮಿಕನ ಮೂಗಿಗೆ ಲೆಕ್ಕವಿಲ್ಲದ ಕೂಗು ಎಂದಿತ್ತು.

"ತಾತ್ಯಾ, ಇದು ನನ್ನ ಮೂಗು!"

ಎರಡನೆಯ ಚರಣದಲ್ಲಿ ಮಗ್ಗದ ಮುಂದೆ ಸೋತ ಕೈಗಳಿದ್ದವು. ಅನ್ನದ ಮುಂದೆ ಹತ್ತಾಗುವ ಕೈಗಳಿದ್ದವು. ಜಾನೂ ಬಾಯಿಯ ಎಲೆಯಡಿಕೆ ಉಗುಳಿದ. "ಇದು ನನ್ನ ಕೈ ಅಲ್ಲೇನು?"

ಹೀಗೆ ಒಂದೊಂದು ಚರಣಕ್ಕೂ ಖೋಲಿಯಲ್ಲಿ ಒಬ್ಬೊಬ್ಬ ಎದ್ದು ತನ್ನ ಅಂಗಾಂಗ ಗುರುತಿಸಿಕೊಂಡ. ಒಬ್ಬನ ಹೊಟ್ಟೆ, ಒಬ್ಬನ ಬೋಳುತಲೆ, ಒಬ್ಬನ ಹರಿದ ಬನಿಯನ್ನು, ಎಲ್ಲವೂ ಅದರಲ್ಲಿ ಇದ್ದವು. ಕೊನೆಯ ಸಾಲಿಗೆ ಬಂದಾಗ ತಾತ್ಯಾನ ದನಿ ನಡುಗಿತು, ನಗು ತಡೆದದ್ದಕ್ಕೆ.

"'ಅಯ್ಯೋ ಶ್ರಮಿಕನೇ, ನಿನ್ನ ಈ ಗೋಳು ಕಂಡೂ ಮೇಲಿನವರು ಇನ್ನೂ ಕಣ್ಣು ತೆರೆದಿಲ್ಲ!'"

ಹದಿನೆಂಟು ಜೊತೆ ಕಣ್ಣು ಅಟ್ಟದ ಕಡೆ ಹೋದವು. ಅಲ್ಲಿ ಎರಡು ಪಾದಗಳು ಶಾಂತವಾಗಿ ಜೋತಾಡುತ್ತಿದ್ದವು. ಖೋಲಿ ನಕ್ಕ ನಗುವಿಗೆ ಪಕ್ಕದ ಮನೆಯವರು ಬಂದು ನೋಡಿಹೋದರು.

ನಗು ಇಳಿದ ಮೇಲೆ ಸಿಟ್ಟು ಏರಿತು. "ಬರಲಿ ಅವ, ಮೆಟ್ಟಲದ ಮ್ಯಾಲಿಂದ ಕೆಳಗ ಉರುಳಿಸ್ತೀನಿ," ಎಂದ ಬಾಬು. "ಮೌಶಿ ಮಾತು ಕದ್ದಾನ. ಅವಳ ಹೆಸರಿಲ್ಲ ಎಲ್ಲೂ. ಹೆಸರು ಬ್ಯಾಡ, 'ಕೇಳಿ ಬರದದ್ದು' ಅಂತನೂ ಇಲ್ಲ."

ದ್ವಾರಕಾಬಾಯಿ ಒಲೆಯ ಹತ್ತಿರ ಕೂತಿದ್ದಳು. ಅವಳೊಬ್ಬಳೇ ನಕ್ಕಿರಲಿಲ್ಲ. "ತಾತ್ಯಾ, ಇನ್ನೊಂದು ಸಲ ಓದು" ಎಂದಳು. ತಾತ್ಯಾ ಓದಿದ. ತಾನು ಹೊಗೆಯಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಸೌಟು ಕುಟ್ಟುತ್ತ ಅಂದ ಮಾತುಗಳು ಕಾಗದದಿಂದ ಬರುವಾಗ ಸ್ನಾನ ಮಾಡಿ ಹೊಸ ಅಂಗಿ ಹಾಕಿಕೊಂಡ ಮಕ್ಕಳ ಹಾಗೆ ಕಂಡವು. ಚೆಂದ ಕಂಡವು. ತನ್ನ ಮಕ್ಕಳೇ ಹೌದು, ಆದರೆ ಬೇರೆಯವನ ಕೈ ಹಿಡಿದುಕೊಂಡು ನಡೆದಿದ್ದಾವೆ. ಒಂದು ಲೋಟ ನೀರು ಕುಡಿದಳು.

"ಹೊಡದ್ರ ಎರಡು ದಿನಕ್ಕ ಬಾವು ಇಳೀತದ," ಎಂದಳು ಕೊನೆಗೆ. "ಯಾರೂ ಒಂದು ಮಾತೂ ಆಡಬ್ಯಾಡ್ರಿ ಅವನ ಮುಂದ. ಅವನಿಗೆ ಪದ ಬೇಕಲ್ಲ? ಬಡಸ್ತೀನಿ, ತಡೀರಿ."

ಸಂಕ್ರಾಂತಿಯ ಹೊತ್ತಿಗೆ ರಾಸಮ್‌ನ ಹೆಸರು ಪಕ್ಕದ ಪರೇಳದ ತನಕ ಹೋಗಿತ್ತು. ಅಲ್ಲಿನ ಒಂದು ಸಭಾಗೃಹದಲ್ಲಿ ಕಾಮಗಾರ ಕವಿಗಳ, ಅಂದರೆ ಕಾರ್ಮಿಕ ಕವಿಗಳ, ಸಮ್ಮೇಳನ, ಪುಣೆಯಿಂದ ಒಬ್ಬ ನಿವೃತ್ತ ಪ್ರಾಧ್ಯಾಪಕರ ಅಧ್ಯಕ್ಷತೆ. ರಾಸಮ್‌ಗೂ ಆಮಂತ್ರಣ. ಹೊಸ ಕವಿತೆ ತರಬೇಕೆಂದು ಕೇಳಿದ್ದರು. ಅವನು ಊಟಕ್ಕೆ ಅರ್ಧ ಗಂಟೆ ಮೊದಲೇ ಬಂದು ಕೂರತೊಡಗಿದ. ಎರಡು ಸಲ ಅನ್ನ ಹಾಕಿಸಿಕೊಂಡು, ಎದುರಿಗೆ ಕೂತವರನ್ನೆಲ್ಲ ನೋಡಿ, ಮೌಶಿಯ ಬಾಯಿಯನ್ನು ಬೆಕ್ಕು ಮೀನಿನ ಬುಟ್ಟಿ ನೋಡುವಂತೆ ನೋಡುತ್ತಿದ್ದ. ಮೌಶಿ ಒಂದು ವಾರ ಬಾಯಿ ಹೊಲಿದುಕೊಂಡಿದ್ದಳು. ಅವನ ಮುಖ ಬಾಡಿತು, ಹಸಿವೆ ಹೋಯಿತು.

ಎಂಟನೆಯ ದಿನ, ಅವನು ಒಬ್ಬನೇ ಕೂತು ಉಣ್ಣುವಾಗ, ಅವಳು ಒಲೆಯ ಕಡೆ ಮುಖ ಮಾಡಿ ತನ್ನಷ್ಟಕ್ಕೇ ಎಂಬಂತೆ ಹೇಳಿದಳು:

"ಭೋಂಗಾ ಕೂಗಿ ಸೋತೈತಿ, ಸುತ್ತೆಲ್ಲ ಅಂಧಕಾರ,
ಕೆಂಡ ಕಾದು ಕೆಂಪಾಗೈತಿ, ಇನ್ನೆಷ್ಟು ಹೊತ್ತು ಈ ಭಾರ?
ಚಾಳೆಲ್ಲ ಎದ್ದು ಸಾಲಾಗಿ ತಂಬಿಗಿ ಹಿಡಿದು ನಿಂತಾರ,
ಇನ್ನಾದರೂ ಏಳಲಿ ದಿನಕರ!"

ರಾಸಮ್‌ನ ಕೈಯ ಭಾಕರಿ ಸಾರಿನಲ್ಲಿ ಮುಳುಗಿತು. "ಮೌಶಿ! ಇನ್ನೊಮ್ಮೆ ಹೇಳು?"

"ಏನು ಇನ್ನೊಮ್ಮೆ? ಮುಂಜಾನೆ ಎದ್ದು ಮಾಡೋ ಗೊಣಗಾಟ ನಂದು."

"ದಿನಕರ ಅಂದ್ರ ಸೂರ್ಯ, ಗೊತ್ತೈತಿಲ್ಲ ನಿನಗ?"

"ಇರಬೇಕಪಾ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಕಲಿತಾಕಿ ಅಲ್ಲ. ನೀ ಹೇಳಿದ್ರ ಹೌದು."

ಅವನು ಕೈ ತೊಳೆಯದೆಯೇ ಪುಸ್ತಕ ತೆಗೆದ. ರಾತ್ರಿ ಮೊಗಸಾಲೆಯ ದೀಪದ ಕೆಳಗೆ ನಾಲ್ಕು ಸಾಲನ್ನು ನಲವತ್ತು ಸಲ ಓದಿದ. ಕತ್ತಲು ಎಂದರೆ ಬಂಡವಾಳಶಾಹಿ. ಕೆಂಡವೆಂದರೆ ಜನರ ಸಿಟ್ಟು. ಸೂರ್ಯನೆಂದರೆ ಕ್ರಾಂತಿ. ಎಲ್ಲವೂ ಕೂಡಿಬಂತು, ತಂಬಿಗೆಯೊಂದನ್ನು ಬಿಟ್ಟು. ಕ್ರಾಂತಿಯಲ್ಲಿ ತಂಬಿಗೆ ಎಲ್ಲಿಂದ ಬಂತು? ಅದನ್ನು ಹೊಡೆದು ಹಾಕಿ "ಪಂಜು" ಎಂದು ಬರೆದ. ಚಾಳಿನ ಜನ ಮುಂಜಾನೆ ಐದಕ್ಕೆ ತಂಬಿಗೆ ಹಿಡಿದು ಯಾವುದರ ಮುಂದೆ ಸಾಲು ನಿಲ್ಲುತ್ತಾರೆಂದು ಅವನಿಗೆ ಗೊತ್ತಿಲ್ಲದೇ ಏನಲ್ಲ, ತಾನಿದ್ದ ಚಾಳಿನಲ್ಲಿ ತಾನೂ ನಿಲ್ಲುತ್ತಿದ್ದ. ಆದರೆ ಕವಿತೆಯ ಹೊತ್ತಿಗೆ ಅದು ನೆನಪಾಗಲಿಲ್ಲ.

ಸಮ್ಮೇಳನದ ಭಾನುವಾರ ಸಂಜೆ ಹುಣಸೆಮರದ ಚಾಳು ಅರ್ಧಕ್ಕರ್ಧ ಖಾಲಿಯಾಯಿತು. ಹದಿನೆಂಟು ಜನ ಮುಂದಿನ ಎರಡು ಸಾಲು ಹಿಡಿದು ಕೂತರು. ಬಲಗಡೆ ಹೆಂಗಸರು. ದ್ವಾರಕಾಬಾಯಿ ಪೆಟ್ಟಿಗೆಯ ಹಸಿರು ಸೀರೆ ಉಟ್ಟಿದ್ದಳು. ಗಂಡನನ್ನು ಎಬ್ಬಿಸಿ, ಮುಖ ತೊಳೆಸಿ, ಟೋಪಿ ಇಟ್ಟು ಕರೆತರುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. "ಏನು ಐತಿ ಅಲ್ಲಿ?" ಎಂದು ಅವನು ಕೇಳಿದ್ದ. "ಪಂಖಾ ಐತಿ, ಗಾದಿ ಕುರ್ಚಿ ಐತಿ," ಎಂದಿದ್ದಳು. ತಾವಡೆ ಮೂರನೇ ಸಾಲಿನ ಗಾದಿ ಕುರ್ಚಿಯಲ್ಲಿ ಕೂತ ಐದು ನಿಮಿಷಕ್ಕೆ ಗದ್ದ ಎದೆಗೆ ತಾಗಿಸಿದ.

ಮೂರು ಜನ ಕವಿಗಳಾದ ಮೇಲೆ ರಾಸಮ್ ಬಂದ. ಖಾದಿಯ ಜುಬ್ಬಾ, ಹೆಗಲಿಗೆ ಜೋಳಿಗೆ, ಮೂರು ದಿನದ ಗಡ್ಡ. ಮುಂದಿನ ಎರಡು ಸಾಲು ಒಮ್ಮೆಲೇ ಚಪ್ಪಾಳೆ ತಟ್ಟಿದ್ದನ್ನು ಕಂಡು ಅವನ ಕಣ್ಣು ತುಂಬಿದವು.

"ಬಂಧುಗಳೇ," ಎಂದ. "ಈ ಕವಿತೆ ನನ್ನ ಎದೆಯಿಂದ ಬಂದದ್ದು. ಇದರಲ್ಲಿ ಬರುವ ದಿನಕರನಿಗಾಗಿ ನಾನು ಹಗಲಿರುಳು ಕಾದಿದ್ದೇನೆ. ಅವನಿಲ್ಲದೆ ನನ್ನ ಬಾಳಿಗೆ ಅರ್ಥವಿಲ್ಲ. ಅವನೇ ನನ್ನ ಸರ್ವಸ್ವ."

ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. ಬಾಬು ಘಾಡಿ ಜಾನೂನ ತೊಡೆ ಗಟ್ಟಿಯಾಗಿ ಹಿಡಿದುಕೊಂಡ.

ರಾಸಮ್ ಸಾಲುಗಳನ್ನು ಒಂದೊಂದಾಗಿ ಮೇಲೆತ್ತುತ್ತ ಹೋದ. ಅಂಧಕಾರ ಬಂತು, ಕೆಂಡ ಬಂತು, ಪಂಜು ಬಂತು. ಕೊನೆಗೆ ಮುಷ್ಟಿ ಬಿಗಿದು ಗುಡುಗಿದ: "ಇನ್ನಾದರೂ ಏಳಲಿ ದಿನಕರ!" ಪರಿಣಾಮ ಸಾಲದೆಂದು ಧ್ವನಿವರ್ಧಕದ ಹತ್ತಿರ ಬಾಯಿ ಒಯ್ದು ಮತ್ತೆ ಗುಡುಗಿದ: "ಏಳಲಿ ದಿನಕರ! ಏಳಲಿ ದಿನಕರ!"

ಮೂರನೇ ಸಾಲಿನಲ್ಲಿ ತಾವಡೆ ದಿಗ್ಗನೆ ಎದ್ದು ನಿಂತ. ಟೋಪಿ ಕೆಳಗೆ ಬಿತ್ತು. ಕಣ್ಣು ಇನ್ನೂ ಮುಚ್ಚಿಯೇ ಇದ್ದವು.

"ಎದ್ದೆ ಅಂದ್ನೆಲ್ಲ! ಎಷ್ಟು ಒದರ್ತಿ? ಚಾ ಇಡು."

ಮಡಿಚುವ ವಿಭಾಗದವರು ಅವನನ್ನು ಗುರುತಿಸಿದರು. "ಅರೆ, ದಿನಕರ ತಾವಡೆ! ಎದ್ದಾನ್ರೋ, ದಿನಕರ ಎದ್ದಾನ!" ಎಂಬ ಕೂಗು ಸಾಲಿನಿಂದ ಸಾಲಿಗೆ ಹಾರಿತು. ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಎದ್ದು ವೇದಿಕೆಯ ಕಡೆ ಕೈ ಮಾಡಿದಳು. ಹೆಂಗಸರು ಒಡಪಿನಲ್ಲಿ ಕಟ್ಟಿ ಗಂಡನ ಹೆಸರು ಹೇಳುವುದನ್ನು ಅವಳು ಎಂಬತ್ತು ವರ್ಷ ಕೇಳಿದವಳು.

"ಎಷ್ಟು ಚೆಂದ ಒಡಪು ಹೇಳಿದೆವ್ವ! ಗಂಡನ ಹೆಸರು ಹೇಳೋದಾತು, ಇನ್ನ ನಾಚಿಕೊಂಡು ಸಕ್ಕರಿ ಹಂಚು!"

ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಜಾನೂ ಕುರ್ಚಿಯಿಂದ ನಿಜವಾಗಿಯೂ ಕೆಳಗೆ ಬಿದ್ದ. ತಾವಡೆ ಕಣ್ಣು ತೆರೆದು, ಇಷ್ಟು ಜನ ತನ್ನನ್ನು ನೋಡಿ ನಗುವುದನ್ನು ಕಂಡು, ಸಭ್ಯತೆಗಾಗಿ ಎಲ್ಲರಿಗೂ ಕೈ ಮುಗಿದ. ಅದಕ್ಕೆ ಇನ್ನಷ್ಟು ನಗು.

ವೇದಿಕೆಯ ಮೇಲೆ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಸೂರ್ಯನ ಸಂಕೇತದ ಮೇಲೆ ಅವರು ಆಗಲೇ ಅರ್ಧ ಪುಟ ಟಿಪ್ಪಣಿ ಮಾಡಿಕೊಂಡಿದ್ದರು. "ಏನಿದು? ಇದು ನಿಮ್ಮ ಕವಿತೆಯೇ ಅಲ್ಲವೇ?" ಎಂದು ರಾಸಮ್‌ನನ್ನು ಕೇಳಿದರು.

ಈ ಗಳಿಗೆಗಾಗಿ ದ್ವಾರಕಾಬಾಯಿ ಎರಡು ತಿಂಗಳು ಕಾದಿದ್ದಳು. ಆದರೆ ಈಗ ನೋಡಿದರೆ ರಾಸಮ್‌ನ ಮುಖ ತಾಟು ಬೀಳಿಸಿ ಅನ್ನ ಚೆಲ್ಲಿದ ಹುಡುಗನ ಮುಖದಂತಿತ್ತು. ಅವಳ ನಗು ಅರ್ಧಕ್ಕೇ ನಿಂತಿತು. ಅವನು ಅವಳನ್ನೇ ನೋಡುತ್ತಿದ್ದ. ಸುಳ್ಳು ಹೇಳಿ ಪಾರಾಗುತ್ತಾನೆ ಅಂದುಕೊಂಡಳು. ಅವನು ಹೇಳಲಿಲ್ಲ.

"ಅಲ್ಲ ಸರ್," ಎಂದ. "ಇದು ನಮ್ಮ ಖಾನಾವಳಿಯ ದ್ವಾರಕಾ ಮೌಶಿಯದು. ದೀಪಾವಳಿ ಸಂಚಿಕೆಯದೂ ಅವರದೇ. ಇದರಲ್ಲಿ ನಾನು ಬರೆದದ್ದು 'ಪಂಜು' ಎಂಬ ಒಂದು ಶಬ್ದ ಮಾತ್ರ." ಸ್ವಲ್ಪ ತಡೆದು, "ಅಲ್ಲಿಯೂ ಮೊದಲು 'ತಂಬಿಗಿ' ಇತ್ತು," ಎಂದ.

ತಂಬಿಗೆಗೆ ಬಿದ್ದಷ್ಟು ಚಪ್ಪಾಳೆ ಆ ಸಂಜೆ ಯಾವ ಕವಿಗೂ ಬೀಳಲಿಲ್ಲ.

"ಮೌಶಿ! ಮೌಶಿ!" ಎಂದು ಮುಂದಿನ ಎರಡು ಸಾಲು ಕುರ್ಚಿ ಬಡಿಯತೊಡಗಿತು. ಅಧ್ಯಕ್ಷರೇ ಎದ್ದು ಕರೆದರು. ದ್ವಾರಕಾಬಾಯಿ ಸೆರಗು ಬಿಗಿದು ಮೆಟ್ಟಿಲು ಹತ್ತಿದಳು. ಧ್ವನಿವರ್ಧಕದ ಮುಂದೆ ನಿಂತಳು. ಬಾಯಿ ತೆರೆದಳು. ಒಂದು ಶಬ್ದವೂ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಕಟ್ಟಿತ್ತು.

"ಏನಾದರೂ ಹೇಳಿ ತಾಯಿ, ಹೆದರಬೇಡಿ," ಎಂದರು ಅಧ್ಯಕ್ಷರು.

"ಹೆದರಿಕಿ ಅಲ್ರಿ. ನನ್ನ ಮುಂದ ಯಾರರೆ ಉಣ್ಣಾಕ ಕುಂತ್ರ ಮಾತು ಬರ್ತಾವ. ಸುಮ್ಮ ಕುಂತವ್ರನ್ನ ನೋಡಿ ಏನು ಹೇಳ್ಲಿ?"

ಜಾನೂ ಹೊರಗೆ ಓಡಿದ. ಬಾಗಿಲ ಬಳಿಯ ಗಾಡಿಯಿಂದ ಬಿಸಿ ಬಟಾಟೆ ವಡೆಯ ಒಂದು ತಟ್ಟೆ ಬಂತು, ಅಧ್ಯಕ್ಷರ ಮುಂದೆ ಕೂತಿತು. ಪಾಪ, ಅವರು ಮಧ್ಯಾಹ್ನದಿಂದ ಚಹಾದ ಮೇಲೇ ಇದ್ದವರು. ಸಂಕೋಚ ಬಿಟ್ಟು ಒಂದು ಇಡೀ ವಡೆ ಬಾಯಿಗೆ ಹಾಕಿಕೊಂಡರು. ಅದು ಕೆಂಡದಂತೆ ಸುಡುತ್ತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಮೌಶಿಯ ಕಣ್ಣು ಮಿನುಗಿದವು.

"ಪುಣೆಯಿಂದ ಬಂದಾರ ಪಂಡಿತರು ಕವಿತಾದ ರುಚಿ ನೋಡಾಕ,
ವಡಾ ಬಾಯಾಗಿಟ್ಟ ಮ್ಯಾಲ ಬಾಯೇ ಇಲ್ಲ ಮಾತಾಡಾಕ."

ಎಲ್ಲರಿಗಿಂತ ಹೆಚ್ಚು ನಕ್ಕವರು ಅಧ್ಯಕ್ಷರೇ. ನಕ್ಕು ಕೆಮ್ಮಿ ನೀರು ಕುಡಿದರು. ಆಮೇಲೆ ಅವಳಿಗೆ ತಡೆಯೇ ಇರಲಿಲ್ಲ. ಒಂದರ ಮೇಲೊಂದು ಬಂದವು, ಸಾಲಿನಲ್ಲಿ ಕೂತ ಒಬ್ಬೊಬ್ಬನ ಪಾಲಿಗೆ ಒಂದೊಂದು. ಕೊನೆಗೆ ಅವಳ ಕಣ್ಣು ತಾತ್ಯಾನ ಮೇಲೆ ನಿಂತಿತು. ರಜೆಯ ದಿನವೂ ಅವನ ನರೆತ ತಲೆಯ ಮೇಲೆ ಹತ್ತಿಯ ಎಳೆಗಳು ಹಾಗೇ ಅಂಟಿಕೊಂಡಿದ್ದವು.

"ಜಗಕ್ಕೆಲ್ಲ ಸೀರಿ ನೇದಾನ, ನಮ್ಮ ಗಿರಣಿ ಶೂರ,
ಊರಾಗ ಕುಂತ ಹೆಂಡತಿ ಸೆರಗಿಗೆ ತ್ಯಾಪಿ ನೂರ."

ಇದಕ್ಕೆ ಯಾರೂ ನಗಲಿಲ್ಲ. ತಾತ್ಯಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೌಶಿಗೂ ತಾನು ಏನೋ ಬೇರೆಯದೇ ಬಡಿಸಿದೆ ಅನ್ನಿಸಿತು. "ಆತು, ಒಲಿ ಮ್ಯಾಲ ಹಾಲಿಟ್ಟು ಬಂದೀನಿ," ಎಂದು ಹೇಳಿ ಇಳಿದು ನಡೆದಳು. ಹಾಲೇನೂ ಇಟ್ಟಿರಲಿಲ್ಲ.

ರಾಸಮ್ ಮೂರು ದಿನ ಊಟಕ್ಕೆ ಬರಲಿಲ್ಲ. ನಾಲ್ಕನೇ ದಿನ ಮೌಶಿ ಬಾಬುವನ್ನು ಗಿರಣಿಯ ಕಚೇರಿಗೆ ಅಟ್ಟಿದಳು. "ಹುರಳಿಹಿಟ್ಟಿನ ಸಾರು ಮಾಡೇನಿ, ಬಾ ಅಂತ ಹೇಳು. ಬರಲಿಲ್ಲಂದ್ರ ಅವನ ಮ್ಯಾಲ ಹದಿನಾರು ಸಾಲು ಕಟ್ಟಿ, ಕಚೇರಿ ಬಾಗಲದಾಗ ನಿಂತು ನಾನ ಹಾಡ್ತೀನಿ."

ಒಂದು ಗಂಟೆಗೆ ರಾಸಮ್ ಬಂದು ಮೂಲೆಯಲ್ಲಿ ಕೂತ. ಇಸ್ತ್ರಿ ಇರಲಿಲ್ಲ. ಮೌಶಿ ಮಾತಿಲ್ಲದೆ ಬಡಿಸಿದಳು. ಅವನು ಅನ್ನ ಕಲಸುತ್ತ ತಲೆ ತಗ್ಗಿಸಿಯೇ ಹೇಳಿದ.

"ತಪ್ಪಾತು ಮೌಶಿ. ನನಗೂ ಬರೀಬೇಕು ಅನಸ್ತದ. ಆದ್ರ ಪೆನ್ನು ಹಿಡದ್ರ ಚಂದ್ರನ್ನ ಬಿಟ್ಟು ಏನೂ ಕಾಣಂಗಿಲ್ಲ."

"ಚಂದ್ರನ ಮ್ಯಾಲ ಬರಿಯೋ ಮಾರಾಯಾ, ಯಾರು ಬ್ಯಾಡ ಅಂದ್ರು? ಆದ್ರ ನಮ್ಮ ಚಾಳಿನ ಮ್ಯಾಲ ಬರ್ತಾನಲ್ಲ ಚಂದ್ರ, ಚಿಮಣಿ ಹೊಗಿಯಾಗ ಕೆಮ್ಮಿಕೋತ, ಅವನ್ನ ಒಂದು ದಿನರೆ ತಲಿ ಎತ್ತಿ ನೋಡೀಯೇನು?"

ರಾಸಮ್ ತಲೆ ಎತ್ತಿದ. "ಅದನ್ನ ಬರಕೊಳ್ಲೇನು?"

"ಬರಕೋ. ಆದ್ರ ಕೆಳಗ ನನ್ನ ಹೆಸರು ಹಾಕು. ಇನ್ನ ಮುಂದ ನಾ ಹೇಳೋದು, ನೀ ಬರಿಯೋದು. ಒಂದು ಶಬ್ದ ಅದಲು ಬದಲಾತೋ, ಮೀನಿನ ತುಂಡು ಜಾನೂಗ."

ಹೀಗೆ ಅವನು ಅವಳ ಬರೆಯುವ ಕೈಯಾದ. ಎರಡು ಸಲ ಶಬ್ದ ತಿದ್ದಿ ಎರಡು ಸಲ ಮೀನು ಕಳೆದುಕೊಂಡ, ಆಮೇಲೆ ಬುದ್ಧಿ ಬಂತು. ಅವಳ ಪದಗಳು ಅವಳ ಹೆಸರಿನಲ್ಲಿ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬರತೊಡಗಿದವು. ತಾವಡೆಗೆ ಮಾತ್ರ ಇದ್ದಕ್ಕಿದ್ದಂತೆ ಕೀರ್ತಿ ಅಂಟಿಕೊಂಡಿತು. "ನನ್ನ ಮ್ಯಾಲ ಕವಿತಾ ಐತಿ," ಎಂದು ಮಡಿಚುವ ವಿಭಾಗದಲ್ಲಿ ಹೇಳಿಕೊಂಡು ಓಡಾಡಿದ. ಕವಿತೆಗೆ ಮರ್ಯಾದೆ ಕೊಡಬೇಕೆಂದು ಎರಡು ವಾರ ಮುಂಜಾನೆ ಏಳಕ್ಕೇ ಎದ್ದು ಮೊಗಸಾಲೆಯಲ್ಲಿ ಕೂತ. ಮೂರನೇ ವಾರಕ್ಕೆ ಪಾದಗಳು ಮತ್ತೆ ಅಟ್ಟದಿಂದ ಜೋತಾಡಿದವು.

ಹತ್ತು ವರ್ಷ ಹೀಗೇ ನಡೆಯಿತು. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರ ಬಂತು. ಪಾಳಿಗೆ ಕರೆಯುವ ಭೋಂಗಾಗಳ ಕೂಗು ನಿಂತಿತು. ಮೊದಲ ತಿಂಗಳು ಗಿರಾಕಿಗಳು ಹಬ್ಬದ ಹಾಗೆ ಕೂತು ಉಂಡರು, ಎರಡನೇ ತಿಂಗಳು ಮಾತು ಕಡಿಮೆಯಾಯಿತು, ಮಳೆಗಾಲ ಬರುವಷ್ಟರಲ್ಲಿ ಒಬ್ಬೊಬ್ಬರೇ ಊರಿನ ಬಸ್ಸು ಹತ್ತಿದರು. ಮೌಶಿ ಹೆಂಗಸರ ಮೆರವಣಿಗೆಯಲ್ಲಿ ಲಟ್ಟಣಿಗೆ ಹಿಡಿದು ನಡೆದಳು, ಗಿರಣಿಯ ಬಾಗಿಲಲ್ಲಿ ನಿಂತು ಮಾಲೀಕರ ಮೇಲೆ ಪದ ಕಟ್ಟಿದಳು. ಕಾವಲಿಗೆ ನಿಂತ ಪೊಲೀಸರೂ ಟೋಪಿ ಮುಂದೆ ಎಳೆದುಕೊಂಡು ನಕ್ಕರು. ಆದರೆ ಗಿರಣಿ ತೆರೆಯಲಿಲ್ಲ. ಖೋಲಿಯಲ್ಲಿ ತಾಟು ಹತ್ತೊಂಬತ್ತರಿಂದ ನಾಲ್ಕಕ್ಕೆ ಇಳಿಯಿತು. ಜಾನೂ ಹೊರಟ ದಿನ ಅವನ ತಾಟಿಗೆ ಒಂಬತ್ತು ಭಾಕರಿ ಹಾಕಿದಳು. ಅವನು ಮೂರು ತಿಂದು ಸಾಕೆಂದ. ಅವಳಿಗೆ ಪದ ಹೊಳೆಯಲಿಲ್ಲ. ಉಳಿದ ಆರನ್ನು ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟಳು.

ರಾಸಮ್‌ನ ಕೆಲಸವೂ ಹೋಯಿತು. ಅವನು ದಾದರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನಾದ. ಅಲ್ಲಿಯ ಉಳಿಕೆ ಕಾಗದದಲ್ಲಿ, ಎರಡು ವರ್ಷದ ಮೇಲೆ, ಅರವತ್ತನಾಲ್ಕು ಪುಟದ ಒಂದು ಪುಸ್ತಕ ಅಚ್ಚು ಹಾಕಿಸಿ ತಂದ. ಹೆಸರು "ಉಂಡು ಹೋಗ್ರಿ". ಮುಖಪುಟದಲ್ಲಿ "ಕಾಮಗಾರ ಕವಯಿತ್ರಿ ದ್ವಾರಕಾಬಾಯಿ ತಾವಡೆ" ಎಂದಿತ್ತು. ಓದಿ ಹೇಳಿಸಿಕೊಂಡು ಅವಳು ಮುಖ ಗಂಟಿಕ್ಕಿದಳು.

"ಕವಯಿತ್ರಿ ಅಂದ್ರ ಯಾರು?"

"ಕವಿತಾ ಬರಿಯಾಕಿ."

"ನಾ ಎಲ್ಲಿ ಬರದೀನಿ? ಖಾನಾವಳಿಯಾಕಿ ಅಂತ ಹಾಕು."

ಮುನ್ನೂರು ಪ್ರತಿಗಳ ಮೇಲೆ ರಾಸಮ್ ಕೈಯಿಂದಲೇ ಹೊಡೆದು ಹಾಕಿ ಖಾನಾವಳಿಯವಳು ಎಂದು ತಿದ್ದಿದ. ತಾವಡೆ ಪಕ್ಕದಲ್ಲಿ ಕೂತು ಶಾಯಿ ಒಣಗಲೆಂದು ಬೀಸಣಿಗೆ ಬೀಸಿದ.

ಆ ಪುಸ್ತಕ ಓದಿ, ಮರುವರ್ಷ, ಕಾಲೇಜಿನಲ್ಲಿ ಪಾಠ ಹೇಳುವ ಅಶ್ಲೇಷಾ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಕೈಯಲ್ಲಿ ದಪ್ಪ ನೋಟುಪುಸ್ತಕ. ಮಣೆಯ ಮೇಲೆ ಕೂತು ಕೇಳಿದಳು, "ಆಜಿ, ನಿಮ್ಮ ಕಾವ್ಯದ ಮೇಲೆ ಯಾರ ಪ್ರಭಾವ ಇದೆ?"

"ಪ್ರಭಾವ ಆಮ್ಯಾಲ ನೋಡೋಣಂತ," ಎಂದು ಮೌಶಿ ಒಣ ಬೊಂಬಿಲ್ ಮೀನಿನ ಮೊರವನ್ನು ಅವಳ ತೊಡೆಯ ಮೇಲಿಟ್ಟಳು. "ಕೈ ಖಾಲಿ ಅದಾವಲ್ಲ, ಇವುಗಳ ತಲಿ ಮುರಿ."

ಹುಡುಗಿ ಎರಡು ಬೆರಳಿನ ತುದಿಯಲ್ಲಿ ಒಂದು ಮೀನನ್ನು ಎತ್ತಿ ಹಿಡಿದು ಮೂಗು ಅತ್ತ ತಿರುಗಿಸಿದಳು. ಅಷ್ಟೇ ಸಾಕಾಯಿತು. ಮೌಶಿ ಒಲೆಗೆ ಉಸಿರು ಊದುತ್ತಲೇ ಆ ಮೂಗಿನ ಮೇಲೆ ಎರಡು ಸಾಲು ಬಿಟ್ಟಳು. ಹುಡುಗಿ ಬರೆದುಕೊಳ್ಳಲು ಹೋದಳು, ಕೈಗೆ ಮೀನಿನ ವಾಸನೆ, ಪೆನ್ನು ಜಾರಿತು, ನಗು ತಡೆಯಲಾಗಲಿಲ್ಲ. ಸಂಜೆಯ ತನಕ ಕೂತಳು. ಪ್ರಭಾವದ ಬಗ್ಗೆ ಒಂದು ಸಾಲೂ ಸಿಗಲಿಲ್ಲ.

ಮುಂದಿನ ವಾರ ಅವಳು ಮತ್ತೆ ಬಂದಳು. ನೋಟುಪುಸ್ತಕ ತಂದಿರಲಿಲ್ಲ, ಸರಿಯಾಗಿ ಊಟದ ಹೊತ್ತಿಗೆ ಬಂದಿದ್ದಳು.